ಮೂರನೇ ಸಾಲಿನಲ್ಲಿ ನಿಂತವರು

ಆ ಪತ್ರ ಬಂದಾಗ ನಾನು ಟೇಕಲ್ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತಿದ್ದೆ. ಮಾಲೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಕೆಲಸ ನನ್ನದು. ಬೆಳಗಿನ ಪ್ಯಾಸೆಂಜರಿಗೆ ಹೋಗಿ ಸಂಜೆಯ ಗಾಡಿಗೆ ವಾಪಸ್ಸು ಬರುತ್ತೇನೆ. ಆ ದಿನ ಎಂಥ ಮಂಜೆಂದರೆ ಬೆಟ್ಟವೇ ಇರಲಿಲ್ಲ. ಹಳಿಯಾಚೆಯ ಬಂಡೆಗಳು ಒಂದೊಂದಾಗಿ ಮೂಡಿ, ಯಾರೋ ಕರೆದಂತೆ ಮತ್ತೆ ಒಳಗೆ ಹೋಗಿಬಿಡುತ್ತಿದ್ದವು. ಗಾಡಿ ತಡವಾಗಿತ್ತು. ಹೊತ್ತು ಹೋಗಲೆಂದು ಫೋನಿನಲ್ಲಿ ನಮ್ಮ ಗುಂಪಿನ ಪತ್ರಗಳನ್ನು ನೋಡುತ್ತಿದ್ದೆ.

ಗುಂಪು ಎಂದರೆ, ಒಬ್ಬರ ಮುಖ ಒಬ್ಬರು ನೋಡದ ಒಂದಿಷ್ಟು ಜನ. ಓಪನ್ ಸೋರ್ಸ್ ತಂತ್ರಾಂಶ ಬರೆಯುವವರು ಅದರ ಮೂಲವನ್ನು ಎಲ್ಲರಿಗೂ ಕಾಣುವಂತೆ ತೆರೆದಿಡುತ್ತಾರೆ. ಆದರೆ ಮೂಲ ಇದ್ದಂತೆಯೇ ಓಡುವುದಿಲ್ಲ. ಅದನ್ನು ಯಂತ್ರದ ಭಾಷೆಗೆ ತಿರುಗಿಸಿ, ಅದಕ್ಕೆ ಇನ್ನೇನೇನು ಬೇಕೆಂದು ಪಟ್ಟಿ ಮಾಡಿ, ಒಂದು ಗಂಟಾಗಿ ಕಟ್ಟಿಡಬೇಕು. ಆಗ ಯಾರು ಬೇಕಾದರೂ ಒಂದು ಗುಂಡಿ ಒತ್ತಿ ತಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳಬಹುದು. ಆ ಗಂಟಿಗೆ ಪ್ಯಾಕೇಜ್ ಎನ್ನುತ್ತೇವೆ. ಸಂಬಳವಿಲ್ಲದ ಈ ಕೆಲಸವನ್ನು ನಾನು ಹತ್ತು ವರ್ಷಗಳಿಂದ ಮಾಡುತ್ತಿದ್ದೇನೆ. ಪ್ಯಾಕೇಜ್ ಕಟ್ಟುವುದು ಹೇಗೆಂದು ಹೊಸಬರಿಗಾಗಿ ಕನ್ನಡದಲ್ಲಿ ಒಂದು ಪುಟವನ್ನೂ ಬರೆದಿದ್ದೆ. ಅದರ ಮೇಲೆ ನನಗೆ ಒಳಗೊಳಗೇ ಜಂಬವಿತ್ತು.

ಪತ್ರ ಕನ್ನಡದಲ್ಲಿತ್ತು. ‘ನಿಮ್ಮ ಪುಟದ ಮೂರನೇ ಸಾಲಿನಲ್ಲಿ ಎರಡು ವಾರದಿಂದ ನಿಂತಿದ್ದೇನೆ. ಬೇಕಾದ ಸಲಕರಣೆಗಳನ್ನು ಎಂದಿನಂತೆ ಹಾಕಿಕೊಳ್ಳಿ ಎಂದು ಬರೆದಿದ್ದೀರಿ. ನನಗೆ ಇದು ಮೊದಲನೇ ಸಲ.’

ಗಾಡಿ ಬಂತು, ಹತ್ತಿದೆ. ನೀಲಗಿರಿ ತೋಪು, ಇಟ್ಟಿಗೆ ಗೂಡುಗಳ ಹೊಗೆ, ಮಂಜಿನಲ್ಲಿ ತೇಲುವ ಒಂದು ನೀರಿನ ಟ್ಯಾಂಕು, ಎಲ್ಲ ಕಿಟಕಿಯಲ್ಲಿ ಹಿಂದೆ ಸರಿದವು. ನನ್ನ ಕಣ್ಣು ಮಾತ್ರ ‘ಎಂದಿನಂತೆ’ ಎಂಬ ಒಂದು ಪದದ ಮೇಲೆಯೇ ಇತ್ತು. ಅದನ್ನು ಬರೆದ ಗಳಿಗೆ ನನಗೆ ನೆನಪೇ ಇರಲಿಲ್ಲ.

ಯಾವ ಸಲಕರಣೆ, ಎಲ್ಲಿಂದ ಎಂದು ಉತ್ತರ ಬರೆದೆ. ಮರುದಿನ ಅವರು ನಾಲ್ಕನೇ ಸಾಲಿನಿಂದ ಬರೆದರು. ಅದಾದ ಮೇಲೆ ಐದನೆಯದರಿಂದ. ಹೀಗೆ ಏಳೆಂಟು ಪತ್ರಗಳಾದ ಮೇಲೆ ಕೇಳಿದೆ: ‘ತಾವು ಎಲ್ಲಿರುವುದು?’

ಮುಳಬಾಗಿಲು ಎಂದು ಉತ್ತರ ಬಂತು. ನಮ್ಮ ಗುಂಪಿನಲ್ಲಿ ಜರ್ಮನಿಯವರಿದ್ದರು, ಬ್ರೆಜಿಲ್ಲಿನವರಿದ್ದರು. ನಮ್ಮದೇ ಜಿಲ್ಲೆಯವರೊಬ್ಬರು ಇರಬಹುದೆಂದು ನನಗೆ ಎಂದೂ ಹೊಳೆದಿರಲಿಲ್ಲ. ಭಾನುವಾರ ಬರುತ್ತೇನೆಂದು ಬರೆದೆ.

ಬಂಗಾರಪೇಟೆವರೆಗೆ ರೈಲು, ಕೋಲಾರದಲ್ಲಿ ಬಸ್ಸು ಬದಲಿಸಿ ಮುಳಬಾಗಿಲು. ಅವರ ಅಂಗಡಿ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿತ್ತು. ಮದುವೆ ಕಾರ್ಡು, ಕರಪತ್ರ, ಅಂಗಡಿಗಳ ಬಿಲ್‌ಬುಕ್ಕು ಅಚ್ಚುಮಾಡಿಕೊಡುವ ಡಿಟಿಪಿ ಅಂಗಡಿ. ಐವತ್ತೈದು ದಾಟಿದ ಹೆಂಗಸು. ತಲೆಯ ಮೇಲೆ ದುಪ್ಪಟ್ಟಾ, ಮೂಗಿನ ತುದಿಗೆ ಜಾರಿದ ಕನ್ನಡಕ. ಬೀದಿಯವರೆಲ್ಲ ಆಕೆಯನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆದೆ.

"ಮಾಲೂರ್ ಕಾಲೇಜಿನ ಮೇಡಂ ಅಂದ್ರೆ ಯಾರೋ ವಯಸ್ಸಾದೋರು ಅನ್ಕೊಂಡಿದ್ದೆ ಕಣಮ್ಮಾ" ಎಂದು ನಕ್ಕು ಕುರ್ಚಿ ಎಳೆದು ಕೊಟ್ಟರು.

ಅವರ ಕಷ್ಟ ಇದು. ಗಡಿಯೂರಿನ ಮದುವೆ ಕಾರ್ಡಿಗೆ ಕನ್ನಡ, ತೆಲುಗು, ಉರ್ದು ಮೂರೂ ಬೇಕು. ಮೂರು ಲಿಪಿಗಳನ್ನು ಒಂದೇ ಹಾಳೆಯ ಮೇಲೆ ಚೆನ್ನಾಗಿ ಕೂರಿಸುವ ಒಂದು ಪುಟ್ಟ ತಂತ್ರಾಂಶವನ್ನು ಯಾರೋ ಪುಣ್ಯಾತ್ಮರು ಬರೆದು ತೆರೆದಿಟ್ಟಿದ್ದರು. ಆಪಾ ತಮ್ಮ ಹಳೇ ಕಂಪ್ಯೂಟರಿಗೆ ಹಾಕಿಕೊಂಡಿದ್ದ ಆಪರೇಟಿಂಗ್ ಸಿಸ್ಟಮ್ಮಿಗೆ ಮಾತ್ರ ಅದರ ಪ್ಯಾಕೇಜನ್ನು ಯಾರೂ ಕಟ್ಟಿರಲಿಲ್ಲ. ಕಟ್ಟಿಕೊಡಿ ಎಂದು ಕೇಳಬಹುದಿತ್ತು. ನಾನೇ ಕಟ್ಟುತ್ತೇನೆ ಎಂದು ಹೊರಟವರು ಇವರು.

"ನಾನ್ ಮಾಡ್ತೀನಿ, ನೀವ್ ನೋಡ್ತಾ ಇರಿ. ಆದ್ರೆ ಕೈ ಕಟ್ಕೊಂಡ್ ಕೂತ್ಕೊಬೇಕು. ಬಾಯೂ ಬಿಡಂಗಿಲ್ಲ" ಎಂದರು.

ಒಪ್ಪಿದೆ. ನನ್ನ ಪುಟವನ್ನು ತೆರೆದುಕೊಂಡು ಮೊದಲಿನಿಂದ ಶುರುಮಾಡಿದರು. ಪಕ್ಕದಲ್ಲಿ ಒಂದು ಉದ್ದನೆಯ ನೋಟುಪುಸ್ತಕ. ನಿಂತಲ್ಲೆಲ್ಲ ಅದರಲ್ಲಿ ಒಂದು ಸಾಲು ಬರೆಯುತ್ತಿದ್ದರು. ‘ಇಲ್ಲಿ ನಿಮ್ಮ ಹೆಸರು’ ಎಂದು ನಾನು ಬರೆದಿದ್ದ ಕಡೆ ಅವರು ‘ಇಲ್ಲಿ ನಿಮ್ಮ ಹೆಸರು’ ಎಂದೇ ಟೈಪು ಮಾಡಿದರು. ನನ್ನ ಕೈ ತಾನಾಗಿ ಕೀಬೋರ್ಡಿನತ್ತ ಹೋಯಿತು.

"ನಕ್ಕೋ, ನಕ್ಕೋ, ಬೇಡ" ಎಂದು ನನ್ನ ಮಣಿಕಟ್ಟು ಹಿಡಿದು ಮೆಲ್ಲನೆ ಪಕ್ಕಕ್ಕಿಟ್ಟರು. "ಮಾತು ಅಂದ್ರೆ ಮಾತು."

ಹೇಗೋ ತಿದ್ದಿಕೊಂಡು ಮುಂದೆ ಹೋದರು. ಕೊನೆಗೆ ಕಟ್ಟುವ ಆದೇಶ ಕೊಟ್ಟಾಗ ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು ಓಡತೊಡಗಿದವು. ಅರ್ಧ ನಿಮಿಷ ಆಗಿರಬಹುದು. ಆಪಾ ತಟ್ಟನೆ ಎರಡು ಕೀ ಒತ್ತಿ ನಿಲ್ಲಿಸಿಬಿಟ್ಟರು.

"ಯಾಕೆ ನಿಲ್ಲಿಸಿದ್ರಿ ಆಪಾ?" ನನಗೆ ತಡೆಯಲಾಗಲಿಲ್ಲ.

"ನೋಡಿ, ವಾರ್ನಿಂಗ್, ವಾರ್ನಿಂಗ್ ಅಂತ ಬರ್ತಾ ಇದೆ. ಎಚ್ಚರಿಕೆ ಕೊಡ್ತಾ ಇದ್ರೂ ನಿಲ್ಲಿಸ್ದೆ ಇರ್ತಾರಾ ಯಾರಾದ್ರೂ? ದಿನಾ ಇಲ್ಲೇ ನಿಲ್ಲಿಸ್ತೀನಿ. ಕಂಪ್ಯೂಟರ್ ಸುಟ್ಟು ಹೋದ್ರೆ?"

ಆ ಎಚ್ಚರಿಕೆಗಳು ನೂರಾರು ಬರುತ್ತವೆ, ಬಂದರೆ ಏನೂ ಆಗುವುದಿಲ್ಲ. ಇದು ಗೊತ್ತಿದ್ದವರಿಗೆಲ್ಲ ಗೊತ್ತು, ಹಾಗಾಗಿ ಯಾರೂ ಬರೆದಿಲ್ಲ. ಅವರು ಪ್ರತಿದಿನ ಸರಿಯಾದ ದಾರಿಯಲ್ಲೇ ನಡೆದು, ಬಾಗಿಲ ಹತ್ತಿರ ಬಂದು, ಹೆದರಿ ಹಿಂದಕ್ಕೆ ಹೋಗಿದ್ದರು. ಇದ್ದಕ್ಕಿದ್ದಂತೆ ನನ್ನ ಮೊದಲ ವರ್ಷಗಳು ಕಣ್ಣ ಮುಂದೆ ಬಂದವು. ಪಾಠ ಮುಗಿದು ಖಾಲಿಯಾದ ಲ್ಯಾಬಿನಲ್ಲಿ ಇದೇ ಸಾಲುಗಳ ಮುಂದೆ ಕೂತು ನಾನು ಅತ್ತಿದ್ದೆ. ಕೇಳಲು ಯಾರೂ ಇರಲಿಲ್ಲ. ಕಲಿತ ಮೇಲೆ ಆ ಅಳುವನ್ನು ಮರೆತೆ. ಮರೆತದ್ದು ಮಾತ್ರವಲ್ಲ, ಅದನ್ನು ದಾಟಿ ಬಂದೆನೆಂಬುದನ್ನೇ ಒಂದು ಹೆಚ್ಚುಗಾರಿಕೆ ಮಾಡಿಕೊಂಡಿದ್ದೆ.

"ಈ ಸಲ ನಿಲ್ಲಿಸ್ಬೇಡಿ ಆಪಾ. ಬಿಟ್ಟುಬಿಡಿ, ಏನೂ ಸುಡಲ್ಲ" ಎಂದೆ.

"ಸುಟ್ರೆ ನೀವೇ ಹೊಸದು ಕೊಡಿಸ್ಬೇಕು" ಎಂದು ಬಿಸ್ಮಿಲ್ಲಾ ಹೇಳಿ ಮತ್ತೆ ಆದೇಶ ಕೊಟ್ಟರು.

ಹಳೇ ಯಂತ್ರ, ನಿಧಾನ. ಅದು ಕಟ್ಟುತ್ತಲೇ ಇತ್ತು. ಆಪಾ ಹೋಟೆಲಿನಿಂದ ದೋಸೆ ತರಿಸಿದರು. ತುಪ್ಪ ಹೀರಿಕೊಂಡ ಎಲೆಯನ್ನು ಮಡಿಲಲ್ಲಿಟ್ಟುಕೊಂಡು ಇಬ್ಬರೂ ಪರದೆ ನೋಡುತ್ತ ತಿಂದೆವು. ಹೆದ್ದಾರಿಯ ಕಡೆಯಿಂದ ಆಂಧ್ರಕ್ಕೆ ಹೋಗುವ ಲಾರಿಗಳ ಸದ್ದು ಬಂದು ಬಂದು ತೆಳುವಾಗುತ್ತಿತ್ತು. ಬಿಸಿಲು ಹೊಸಿಲು ದಾಟಿ ಕಾಗದದ ಕಂತೆಗಳ ಮೇಲೆ ಹತ್ತಿತು. ಸಾಲುಗಳು ಓಡುತ್ತಲೇ ಇದ್ದವು. ಅವನ್ನು ಓದುವುದು ಬಿಟ್ಟು ಸುಮ್ಮನೆ ನೋಡಿದರೆ ಕಣ್ಣು ತೂಗಿದಂತಾಗುತ್ತದೆ, ಕೆರೆಯ ಕೋಡಿಯಲ್ಲಿ ನೀರು ಬೀಳುವುದನ್ನು ನೋಡಿದ ಹಾಗೆ. ಆಪಾ ತಮ್ಮ ಮಾವನವರ ಅಚ್ಚುಕೂಟದ ಕಥೆ ಹೇಳಿದರು. ಮದುವೆಯಾಗಿ ಬಂದ ಹೊಸತರಲ್ಲಿ ಆಕೆಗೆ ಕನ್ನಡ ಓದಲು ಸರಿಯಾಗಿ ಬರುತ್ತಿರಲಿಲ್ಲ. ಸೀಸದ ಅಕ್ಷರಮೊಳೆ ಜೋಡಿಸುವ ಕೆಲಸ ಕಲಿಯುತ್ತೇನೆ ಎಂದಾಗ ಮಾವ ಏನೂ ಅನ್ನಲಿಲ್ಲವಂತೆ. ಬೆಳಗ್ಗೆ ಎದ್ದು ನೋಡಿದರೆ ಮೊಳೆಪೆಟ್ಟಿಗೆಯ ಪ್ರತಿಯೊಂದು ಮನೆಯ ಮೇಲೂ ಕಾಗದದ ಚೀಟಿ. ಚೀಟಿಯಲ್ಲಿ ಕನ್ನಡದ ಅಕ್ಷರ, ಅದರ ಕೆಳಗೆ ಉರ್ದುವಿನಲ್ಲಿ ಅದರ ಉಚ್ಚಾರ.

"ಒಂದ್ ಮಾತೂ ಆಡ್ಲಿಲ್ಲ ನಮ್ಮ ಮಾವ. ಮೂರು ತಿಂಗಳಾದ್ಮೇಲೆ ಚೀಟಿ ನಾನೇ ಕಿತ್ತಾಕ್ದೆ" ಎಂದರು.

ಸಂಜೆ ನಾಲ್ಕರ ಹೊತ್ತಿಗೆ ಸಾಲುಗಳು ನಿಂತವು. ಪ್ಯಾಕೇಜ್ ಸಿದ್ಧವಾಗಿತ್ತು. "ಇಷ್ಟೇನಾ?" ಎಂದರು ಆಪಾ, ಸ್ವಲ್ಪ ನಿರಾಸೆಯಿಂದ. ಆದರೆ ಕಾರ್ಡೊಂದನ್ನು ತೆರೆದು ನೋಡಿದರೆ ಕನ್ನಡ ತೆಲುಗಿನ ಒತ್ತುಗಳು ಚೆಲ್ಲಾಪಿಲ್ಲಿ, ಉರ್ದು ಅಕ್ಷರಗಳು ಕೈ ಬಿಟ್ಟುಕೊಂಡು ಒಂದೊಂದೂ ಬೇರೆ ನಿಂತಿದ್ದವು. ಅಕ್ಷರಗಳನ್ನು ಕೂಡಿಸುವ ಒಂದು ಭಾಗ ಆ ಕಂಪ್ಯೂಟರಿನಲ್ಲಿರಲಿಲ್ಲ. ಇಲ್ಲದಿದ್ದರೆ ಇಲ್ಲ ಎಂದು ತಂತ್ರಾಂಶ ತೆಪ್ಪಗೆ ಅದಿಲ್ಲದೆಯೇ ಕಟ್ಟಿಕೊಂಡಿತ್ತು. ಅದೂ ನನ್ನ ಪುಟದಲ್ಲಿರಲಿಲ್ಲ. ಆ ಭಾಗ ಸೇರಿಸಿ ಮತ್ತೆ ಕಟ್ಟಲು ಇಟ್ಟು, ನಾನು ಬಂಗಾರಪೇಟೆಯ ಗಾಡಿ ತಪ್ಪಬಾರದೆಂದು ಹೊರಟೆ. ರಾತ್ರಿ ಟೇಕಲ್ ತಲುಪುವಷ್ಟರಲ್ಲಿ ಫೋನಿಗೆ ಒಂದು ಚಿತ್ರ ಬಂತು. ಮೂರು ಲಿಪಿಯಲ್ಲಿ ಯಾರದೋ ಮಗಳ ಮದುವೆ. ಉರ್ದು ಸಾಲು ಬಳ್ಳಿಯಂತೆ ಕೂಡಿಕೊಂಡಿತ್ತು.

ನೋಟುಪುಸ್ತಕದಲ್ಲಿ ಇಪ್ಪತ್ತಮೂರು ಕಡೆ ಆಪಾ ನಿಂತಿದ್ದರು. ಆಮೇಲಿನ ಕೆಲವು ತಿಂಗಳು ನಾವಿಬ್ಬರೂ ಫೋನಿನಲ್ಲಿ ಆ ಇಪ್ಪತ್ತಮೂರನ್ನೂ ಒಂದೊಂದಾಗಿ ಹಿಡಿದೆವು. ಯಂತ್ರವೇ ಮಾಡಬಹುದಾದದ್ದನ್ನು ಒಂದು ಪುಟ್ಟ ಪ್ರೋಗ್ರಾಂ ಬರೆದು ಅದಕ್ಕೊಪ್ಪಿಸಿದೆ. ಅದು ಬಳಸುವವರನ್ನು ಕನ್ನಡದಲ್ಲೋ ತೆಲುಗಿನಲ್ಲೋ ಪ್ರಶ್ನೆ ಕೇಳುತ್ತದೆ, ಬೇಕಾದದ್ದನ್ನು ತಾನೇ ತರುತ್ತದೆ, ಏನಾದರೂ ಕೊರತೆಯಿದ್ದರೆ ಮೊದಲೇ ಹೇಳುತ್ತದೆ. ಉಳಿದದ್ದಕ್ಕೆ ಪುಟವನ್ನು ಹೊಸದಾಗಿ ಬರೆದೆವು. ‘ಸುಮ್ಮನೆ ಹೀಗೆ ಮಾಡಿ’ ಎಂದು ನಾನು ಬರೆದಲ್ಲೆಲ್ಲ ಆಪಾ ತಡೆಯುತ್ತಿದ್ದರು: "ಸುಮ್ನೆ ಅನ್ನೋದು ತೆಗೀರಿ. ಆಗ್ದೆ ಇದ್ದೋರಿಗೆ ಅವಮಾನ ಆಗತ್ತೆ."

ಗುಂಪಿನಲ್ಲಿ ಎಲ್ಲರೂ ಒಪ್ಪಲಿಲ್ಲ. ಹೊಸ ಪ್ಯಾಕೇಜುಗಳನ್ನೆಲ್ಲ ಪರೀಕ್ಷಿಸುವ ಹಿರಿಯರೊಬ್ಬರಿದ್ದರು. ಬೆಂಗಳೂರಿನವರು, ನಿಷ್ಠುರದ ಮನುಷ್ಯ. ನಾವು ಮೂವರು ಫೋನಿನಲ್ಲಿ ಮಾತಾಡಿದೆವು.

"ಕಷ್ಟಪಟ್ಟು ಕಲ್ತೋರು ಜವಾಬ್ದಾರಿಯಿಂದ ನೋಡ್ಕೋತಾರೆ ಮೇಡಂ" ಎಂದರು ಅವರು ನನಗೆ. "ಇಷ್ಟು ಸುಲಭ ಮಾಡಿದ್ರೆ ಗಂಟು ಕಟ್ಟಿ ಬಿಟ್ಟು ಹೋಗ್ತಾರೆ. ಆಮೇಲೆ ಹೊರೋದು ನಾನು."

ಅವರ ಮಾತು ಸುಳ್ಳಾಗಿರಲಿಲ್ಲ. ಎಷ್ಟೋ ಜನ ಬಿಟ್ಟುಹೋದ ಪ್ಯಾಕೇಜುಗಳನ್ನು ವರ್ಷಗಟ್ಟಲೆ ಅವರೊಬ್ಬರೇ ಸಾಕಿದ್ದರು. ಆಪಾ ನಡುವೆ ಬಾಯಿ ಹಾಕಿದರು.

"ಸಾರ್, ಎರಡು ವಾರ ನಾನು ನಿಂತಲ್ಲೇ ನಿಂತಿದ್ನಲ್ಲ, ಅದ್ರಿಂದ ಜವಾಬ್ದಾರಿ ಬರ್ಲಿಲ್ಲ ನಂಗೆ. ತಲೆನೋವು ಬಂತು."

ಆ ಕಡೆಯಿಂದ ಒಂದು ನಗು ಕೇಳಿತು. "ಸರಿ, ಏನೂ ಗೊತ್ತಿಲ್ಲದೋರನ್ನ ಕೂರಿಸಿ ನೋಡಿ. ಎಲ್ಲರ ಕೈಲೂ ಆದ್ರೆ ನಾನು ಒಪ್ಕೋತೀನಿ" ಎಂದರು.

ಪ್ರಿನ್ಸಿಪಾಲರ ಅನುಮತಿ ಪಡೆದು ಒಂದು ಭಾನುವಾರ ಮಾಲೂರಿನ ಲ್ಯಾಬು ತೆರೆದೆ. ಐದು ಜನ ಬಂದರು. ಅವರಲ್ಲಿ ಶ್ರೀನಿವಾಸಪುರದ ನಿವೃತ್ತ ವಿಜ್ಞಾನ ಮೇಷ್ಟರೊಬ್ಬರು. ಮನೆಮಾತು ತೆಲುಗು. ಆಕಾಶದ ನಕ್ಷೆ ತೋರಿಸುವ ಒಂದು ತಂತ್ರಾಂಶವನ್ನು ಕಟ್ಟಬೇಕೆಂದು ಬಂದಿದ್ದರು. ನಾನು, ಆಪಾ ಗೋಡೆಗೆ ಒರಗಿ ನಿಂತೆವು. ಫ್ಯಾನು ತಿರುಗುತ್ತಿತ್ತು. ಐದು ಯಂತ್ರಗಳು ಒಟ್ಟಿಗೆ ಗುಂಯ್‌ಗುಡುವುದು ಜೇನುಗೂಡಿನ ಹಾಗೆ ಕೇಳುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ನಾಲ್ವರದು ಮುಗಿಯಿತು. ಮೇಷ್ಟರದು ಮಾತ್ರ ನಿಂತಿತ್ತು. ಅವರು ಪರದೆಯನ್ನೇ ನೋಡುತ್ತಿದ್ದರು, ಯಾರನ್ನೂ ಕರೆಯುತ್ತಿರಲಿಲ್ಲ. ಆಪಾ ಹೋಗಿ ಪಕ್ಕದಲ್ಲಿ ಕೂತರು.

"ಏನಾಯ್ತು ಸಾರ್?"

"ಏಮೋಮ್ಮಾ, ಹೌದು ಇಲ್ಲ ಅಂತ ಕೇಳ್ತಾ ಇದೆ. ಹೌದು ಅಂದ್ರೆ ಏನಾಗತ್ತೆ ಅಂತ ಹೇಳ್ತಾ ಇಲ್ಲ. ಗೊತ್ತಿಲ್ದೆ ಹೌದು ಅನ್ನೋದು ಹೆಂಗೆ?"

ಆಪಾ ನೋಟುಪುಸ್ತಕ ತೆಗೆದು ಇಪ್ಪತ್ತನಾಲ್ಕನೆಯದನ್ನು ಬರೆದುಕೊಂಡರು. ನಾನು ಅಲ್ಲೇ ಕೂತು ಆ ಪ್ರಶ್ನೆಯ ಮಾತು ಬದಲಿಸಿದೆ. ಮೇಷ್ಟರು ಓದಿದರು, ತಲೆಯಾಡಿಸಿದರು, ಹೌದು ಎಂದರು.

ಬೆಂಗಳೂರಿನ ಹಿರಿಯರು ಮಾತಿಗೆ ತಪ್ಪಲಿಲ್ಲ. ಆಪಾ ಕಟ್ಟಿದ್ದನ್ನೂ ಮೇಷ್ಟರು ಕಟ್ಟಿದ್ದನ್ನೂ ಸಾಲುಸಾಲಾಗಿ ತಿದ್ದಿಸಿ ಸೇರಿಸಿಕೊಂಡರು. ಐವರಲ್ಲಿ ಮೂವರು ಆಮೇಲೆ ಇತ್ತ ಬರಲಿಲ್ಲ. ಅಷ್ಟರಮಟ್ಟಿಗೆ ಹಿರಿಯರ ಭಯ ನಿಜವೇ. ಮಳೆಗಾಲದಲ್ಲಿ ಆಪಾ ಹೊಸ ಆವೃತ್ತಿ ಕಟ್ಟುವಾಗ ಏನೋ ತಪ್ಪಿ, ಅದನ್ನು ಹಾಕಿಕೊಂಡವರಿಗೆಲ್ಲ ತೆಲುಗಿನ ಒತ್ತಕ್ಷರಗಳು ಮಾಯವಾದವು. ಯಾರು ಯಾರೋ ಬೈದು ಬರೆದರು. ಆಪಾ ಎರಡು ದಿನ ಅಂಗಡಿ ಮುಚ್ಚಿ ಅದನ್ನು ಸರಿಮಾಡಿ, ಪ್ರತಿಯೊಬ್ಬರಿಗೂ ತಪ್ಪಾಯಿತು ಎಂದು ಉತ್ತರ ಬರೆದರು. ಹಿರಿಯರು ನನಗೆ ಒಂದೇ ಸಾಲು ಕಳಿಸಿದರು: ‘ಇವರು ಬಿಟ್ಟು ಹೋಗುವವರಲ್ಲ.’

ಮಾವು ಹೂಬಿಡುವ ಕಾಲಕ್ಕೆ ಮೇಷ್ಟರು ನಮ್ಮಿಬ್ಬರನ್ನೂ ಶ್ರೀನಿವಾಸಪುರಕ್ಕೆ ಕರೆದರು. ಮನೆಯ ತಾರಸಿಯ ಮೇಲೆ ಚಾಪೆ ಹಾಸಿ, ತಾವು ಕಟ್ಟಿದ ಆಕಾಶದ ನಕ್ಷೆಯನ್ನು ತೆರೆದು ಲ್ಯಾಪ್‌ಟಾಪ್ ಇಟ್ಟಿದ್ದರು. ಸುತ್ತ ಎಲ್ಲಿ ನೋಡಿದರೂ ತೋಟ. ಗಾಳಿಯಲ್ಲಿ ಹೂವಿನ ವಾಸನೆ ಎಷ್ಟು ದಟ್ಟವಾಗಿತ್ತೆಂದರೆ ಮಾತೂ ನಿಧಾನವಾಗಿ ಬರುತ್ತಿತ್ತು. ಸೂರ್ಯ ಮುಳುಗಿ ಆಕಾಶ ಇನ್ನೂ ತಿಳಿಯಾಗಿದ್ದಾಗ ನೆತ್ತಿಯ ಹತ್ತಿರ ಕೆಂಪಗಿನ ಒಂದು ಚುಕ್ಕಿ ಮೂಡಿತು. ಮೇಷ್ಟರು ಪರದೆಯ ಮೇಲೆ ಅದನ್ನು ಮುಟ್ಟಿದರು. ಇಂಗ್ಲಿಷಿನಲ್ಲಿ ಹೆಸರು ಬಂತು. ಆಲ್ಡೆಬರಾನ್.

ಆಪಾ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. "ಅದ್-ದಬರಾನ್" ಎಂದು ಮೆಲ್ಲಗೆ ಹೇಳಿಕೊಂಡರು. "ಇದು ಅರಬ್ಬಿ ಮಾತು ಸಾರ್! ಹಿಂದೆ ಬರೋದು ಅಂತ ಅರ್ಥ."

"ನಾವು ರೋಹಿಣಿ ಅಂತೀವಮ್ಮಾ" ಎಂದರು ಮೇಷ್ಟರು. "ಕೃತ್ತಿಕೆ ಮುಂದೆ ಹೋಗತ್ತೆ, ಇದು ಅದರ ಹಿಂದೇನೇ ಬರೋದು. ನಿಮ್ಮೋರು ಹೆಸರು ಸರಿಯಾಗೇ ಇಟ್ಟಿದಾರೆ."

ಮೂವರೂ ತಲೆಯೆತ್ತಿ ನೋಡಿದೆವು. ತೋಟಗಳು ಕಪ್ಪಾಗುತ್ತಿದ್ದವು. ಆಮೇಲೆ ಮೇಷ್ಟರು ಒಂದೊಂದೇ ಚುಕ್ಕಿಯ ಕಡೆ ಬೆರಳು ತೋರಿಸಿ ಕನ್ನಡದಲ್ಲಿ, ತೆಲುಗಿನಲ್ಲಿ ಹೆಸರು ಹೇಳಿದರು. ಆಪಾ ತಮಗೆ ಗೊತ್ತಿದ್ದಕ್ಕೆ ಉರ್ದುವಿನಲ್ಲಿ ಹೇಳಿದರು. ನಕ್ಷೆಯ ಮುಂದಿನ ಆವೃತ್ತಿಗೆ ಸೇರಿಸಲೆಂದು ನಾನು ಬರೆದುಕೊಳ್ಳುತ್ತ ಹೋದೆ.