ಮಣೆಯ ಮೇಲೆ ರಾಕ್ ಗಾಯಕ

ಹಾಸನದಲ್ಲಿ ಬಸ್ಸು ಬದಲಿಸುವ ಬಿಡುವಿನಲ್ಲಿ, ಗಿಟಾರು ಶ್ರುತಿ ಮಾಡುವ ಸದ್ದು ಕೇಳಿ ಪಕ್ಕದ ಮೈದಾನಕ್ಕೆ ನುಗ್ಗಿದೆ. ಅರಕಲಗೂಡಿನ ಬಸ್ಸು ಯಾವ ಗಳಿಗೆಯಲ್ಲಾದರೂ ಹೊರಡಬಹುದಿತ್ತು. ಚೀಲ ಕೆಳಗಿಡದೆ, ಗೇಟಿನ ಕಡೆಗೇ ಒಂದು ಕಣ್ಣಿಟ್ಟು ನಿಂತೆ.

ಬೆಂಗಳೂರಿನ ಹಳೆಯ ರಾಕ್ ಬ್ಯಾಂಡು, ಜೊತೆಗೆ ಹೊಳೆನರಸೀಪುರದ ಪಿಟೀಲಿನವರ ವಾದ್ಯವೃಂದ. ಪಿಟೀಲಿನವರು ಚಪ್ಪಲಿ ಕೆಳಗೆ ಬಿಟ್ಟು ಮಣೆಗಳ ಮೇಲೆ ಕೂತಿದ್ದರು. ಅದನ್ನು ಕಂಡ ನರೆಗೂದಲ ಗಾಯಕನೂ ಬೂಟು ಕಳಚಿ, ಆಗಷ್ಟೇ ತೊಳೆದ ಕಲ್ಲಿನ ವೇದಿಕೆಗೆ ಗಿಟಾರು ಹೆಗಲಿಗೆ ತಗುಲಿಸಿಕೊಂಡು ಬರಿಗಾಲಲ್ಲಿ ಬಂದ. ಮೈಕಿಗೆ ತುಟಿ ತಾಗಿದ್ದೇ ಹೌಹಾರಿ ಹಿಂದೆ ಸರಿದ.

"ಶಾಕ್ ವಡೀತು ಕಣ್ಲಾ" ಎಂದ ನನ್ನ ಪಕ್ಕದವನು ತನ್ನ ಗೆಳೆಯನಿಗೆ. ಆಮೇಲೆ ವೇದಿಕೆಯತ್ತ ಕೂಗಿದ: "ಬೂಟ್ ಆಕ್ಕಳಿ ಸಾ."

ಗಾಯಕ ಪಿಟೀಲಿನವರ ಬರಿಗಾಲು ನೋಡಿ, ಬೇಡವೆಂದು ತಲೆಯಾಡಿಸಿದ. ಆಗ ಪಿಟೀಲಿನವರ ಮುಂದಿನ ಸಾಲಿನಿಂದ ಮುದುಕರೊಬ್ಬರು ಎದ್ದು ತಮ್ಮ ಮಣೆಯನ್ನೇ ಅವನ ಕಾಲಡಿಗೆ ತಳ್ಳಿದರು. "ಮರ ಅಲ್ವೇ, ಕರೆಂಟ್ ಹೊಡೆಯಲ್ಲ. ನಿಂತ್ಕೊಳ್ಳಿ" ಎಂದು ತಾವು ಬರಿನೆಲದ ಮೇಲೆ ಕೂತರು.

"ಇನ್ನು ಧಾರೆ ಎರಿಯೋದೊಂದೇ ಬಾಕಿ" ಎಂದ ಪಕ್ಕದವನು.

ಹಾಡು ಶುರುವಾಯಿತು. ವೇದಿಕೆ ತುಂಬ ಕುಣಿದು ಅಭ್ಯಾಸವಿದ್ದ ಆಸಾಮಿ ಮಣೆಯಗಲದ ಜಾಗದಲ್ಲಿ ಚಡಪಡಿಸುತ್ತಿದ್ದ. ಅವನ ಹಿಮ್ಮಡಿ ಮಣೆಯನ್ನು ಕುಟ್ಟುತ್ತಿತ್ತು. ಪಿಟೀಲುಗಳು ಆ ಕುಟ್ಟಿನ ಹಿಂದೆಯೇ ಓಡತೊಡಗಿದವು. ಹೊರಗೆ ನನ್ನ ಬಸ್ಸು ಹಾರ್ನು ಹೊಡೆಯಿತು. ಅಷ್ಟರಲ್ಲಿ ಹಾಡು ಏರಿತು, ಅವನು ಮೈಮರೆತು ನೆಗೆದೇಬಿಟ್ಟ. ಮುದುಕರ ಕಮಾನು ತಂತಿಯ ಮೇಲೆ ತಡೆದು ನಿಂತಿತು.

ಎರಡು ಕಾಲೂ ಮಣೆಯ ಮೇಲೇ ಬಿದ್ದವು. ನಾನು ಚೀಲ ಕೆಳಗಿಟ್ಟೆ.