ಕೆಳಗಿನ ಸಾಲಿನಿಂದ ಓದಿದ್ದು

ಮಕ್ಕಳೇ, ನಮ್ಮ ಕಡೆ ಲಗ್ನಪತ್ರಿಕೆಯನ್ನು ಮೇಲಿನಿಂದ ಓದುವವರು ಕಡಿಮೆ. ಗಂಡು ಹೆಣ್ಣು ಯಾರೆಂದು ಮೊದಲೇ ಗೊತ್ತಿರುತ್ತದೆ. ಕೆಳಗೆ ಯಾರ ಹೆಸರು ಹಾಕಿಸಿದ್ದಾರೆ, ಯಾರನ್ನು ಬಿಟ್ಟಿದ್ದಾರೆ ಎಂದು ಅಲ್ಲಿಗೇ ಕಣ್ಣು ಹೋಗುತ್ತದೆ. ಏಳನೇ ಕ್ಲಾಸಿಗೆ ಓದು ಬಿಟ್ಟ ನನಗೆ ಆ ಅಭ್ಯಾಸ ಮಾತ್ರ ಬಿಟ್ಟಿಲ್ಲ.

ಹೋದ ವರ್ಷ ಹೊಳವನಹಳ್ಳಿಯಲ್ಲಿರುವ ನಿಮ್ಮ ತಾತನ ತಂಗಿಗೆ ಲಕ್ವ ಹೊಡೆದು ಎಡಗೈ ಸೋತಿತು. ಕೆಲವು ತಿಂಗಳ ಮೇಲೆ ನಾನು ಅವಳನ್ನು ನೋಡಲು ಹೋಗಿದ್ದಾಗ, ಮಧುಗಿರಿ ಆಸ್ಪತ್ರೆಯಿಂದ ಒಬ್ಬ ಚಿಕ್ಕ ಡಾಕ್ಟರಮ್ಮ ಮನೆಗೇ ಬಂದರು. ಲಕ್ವ ಮತ್ತೆ ಹೊಡೆಯದಂತೆ ತಡೆಯುವ ಹೊಸ ಮಾತ್ರೆಯನ್ನು ಪರೀಕ್ಷೆ ಮಾಡುತ್ತಿದ್ದಾರಂತೆ; ಒಪ್ಪಿದರೆ ನನ್ನ ನಾದಿನಿಯನ್ನೂ ಸೇರಿಸಿಕೊಳ್ಳುತ್ತಾರಂತೆ. ಅವಳಿಗೆ ಓದು ಬಾರದು. ಅವರು ತಂದ ಒಪ್ಪಿಗೆ ಕಾಗದಕ್ಕೆ ಹೆಬ್ಬೆಟ್ಟು ಒತ್ತುವುದೋ ಬೇಡವೋ ಎಂಬುದು ನನ್ನ ಓದಿನ ಮೇಲೆ ನಿಂತಿತು.

ಹೊಸಬರ ಮುಂದೆ ನನಗೆ ಬಾಯಿ ಬರುವುದಿಲ್ಲ. ಕಾಗದದಲ್ಲಿ ಮುಖ ಮರೆಸಿಕೊಂಡು, ಕಡೆಯ ಹಾಳೆಯ ಕೆಳಗಿನಿಂದಲೇ ಗಟ್ಟಿಯಾಗಿ ಓದಲು ಶುರು ಮಾಡಿದೆ: ಖರ್ಚೆಲ್ಲ ಮಾತ್ರೆ ಮಾಡುವ ಕಂಪನಿಯದು, ಮುಖ್ಯ ಸಂಶೋಧಕರಾದ ದೊಡ್ಡ ಡಾಕ್ಟರು ಅದೇ ಕಂಪನಿಯಿಂದ ಭಾಷಣಗಳಿಗೆ ಸಂಭಾವನೆ ಪಡೆದಿದ್ದಾರೆ.

“ಅಜ್ಜಿ, ಮೊದಲಿಂದ ಓದಿ,” ಎಂದರು ಡಾಕ್ಟರಮ್ಮ.

“ನಮ್ಮತ್ತಿಗೆ ಓದಾದೇ ಇಂಗೆ ಬುಡಮ್ಮ,” ಎಂದಳು ನಾದಿನಿ. “ಅಂದ್ರೆ ಗಂಡಿನ ಕಡೆಯೋರೇ ಬಂದು ಗಂಡು ಬೋ ಒಳ್ಳೇವ್ನು ಅಂತಾವ್ರೆ. ನೀನ್ಯಾರ ಕಡೆ?”

“ನಂಗೆ ಆಸ್ಪತ್ರೆ ಸಂಬಳ ಅಷ್ಟೇ. ಪರೀಕ್ಷೆ ವರದಿ ಬರೆಯೋದು ನಾನು. ಮೊದಲ ಹೆಸರು ದೊಡ್ಡ ಡಾಕ್ಟರದು.”

“ಬರ್ಯೋಳು ನೀನು, ಹೆಸ್ರು ಅವ್ರದಾ?”

“ಯಾರು ಏನು ಮಾಡಿದ್ರು ಅಂತ ಕೆಳಗೆ ಹಾಕ್ತಾರೆ ಅಜ್ಜಿ.”

“ಹಾಕ್ಸು. ನಮ್ಮತ್ತಿಗೆ ಓದಾದು ಅಲ್ಲೇ.”

ಆಗ ನಾನೂ ಧೈರ್ಯ ಮಾಡಿದೆ. “ಮಾತ್ರೆ ಕೆಲ್ಸಕ್ಕೆ ಬರ್ಲಿಲ್ಲ ಅಂದ್ರೆ?”

“ಅದನ್ನೂ ಬರೀತೀನಿ,” ಎಂದರು ಡಾಕ್ಟರಮ್ಮ. “ ಸೇರದಿದ್ರೂ ಈಗಿನ ಔಷಧಿ ನಿಲ್ಲಲ್ಲ.”

ನಾದಿನಿ ನನ್ನ ಕಡೆ ತಿರುಗಿದಳು. “ಸೇರ್ಲಾ ಅತ್ತಿಗೆ?”

‘ಸೇರು’ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ಆದರೆ ಈಗಷ್ಟೇ ದೊಡ್ಡ ಡಾಕ್ಟರ ಗುಟ್ಟು ಗಟ್ಟಿಯಾಗಿ ಓದಿದವಳು ನಾನು.

“ಇದ್ರಲ್ಲಿ ನಂದೂ ಒಂದು ಲಾಭ ಐತೆ,” ಎಂದೆ. “ನೀನು ಸೇರಿದ್ರೆ ತಿಂಗಳಿಗೊಂದ್ಸಲ ಕರ್ಕೊಂಡ್ ಹೋಗಾಕೆ ಆಸ್ಪತ್ರೆ ಜೀಪ್ ಬತ್ತದೆ. ಜೊತೆಗೆ ನಾನೂ ಮಧುಗಿರಿಗೆ ಹೋಗಿ ಮಸಾಲೆ ದೋಸೆ ತಿನ್ಬೋದು.”

“ಅದು ನಂಗೆ ಗೊತ್ತಿಲ್ವಾ?” ಎಂದು ನಾದಿನಿ ಬಲಗೈ ಹೆಬ್ಬೆಟ್ಟನ್ನು ಶಾಯಿಗೆ ಅದ್ದಿದಳು. “ಡಾಕ್ಟ್ರಮ್ಮ, ದೋಸೆ ವಿಷ್ಯನೂ ಕೆಳಗಡೆ ಬರ್ಕೊ.”