ಗ್ಯಾಸ್ಕೆಟ್ ಹಾಕಿದ ಪೆಟ್ಟಿಗೆ

ನಮ್ಮ ದೊಡ್ಡಮ್ಮನನ್ನು ಮಾರುಕಟ್ಟೆ ಬೀದಿಯಲ್ಲಿ ಎಲ್ಲರೂ ಕುಕ್ಕರಮ್ಮ ಎಂದೇ ಕರೆಯುತ್ತಾರೆ. ಕೈ ಚಾಚಿದರೆ ಎರಡೂ ಗೋಡೆ ತಾಗುವಂಥ ಅಂಗಡಿಯಲ್ಲಿ ಇಪ್ಪತ್ತಾರು ವರ್ಷಗಳಿಂದ ಕುಕ್ಕರ್ ರಿಪೇರಿ ಮಾಡುತ್ತಿದ್ದಾಳೆ. ರಿಪೇರಿ ಮುಗಿದ ಮೇಲೆ ಒಲೆಗಿಟ್ಟು ಮುಚ್ಚಳದ ಅಂಚಿನ ಹತ್ತಿರ ಕೆನ್ನೆ ಹಿಡಿಯುತ್ತಾಳೆ. ಒಂದೆಳೆ ಹಬೆ ತಾಗಿದರೂ ಮತ್ತೆ ಬಿಚ್ಚುತ್ತಾಳೆ. ಸೋರಿಕೆ ಎಂದರೆ ಅವಳಿಗೆ ಮಾನ ಹೋದಂತೆ.

ಅವಳ ತಂಗಿ, ಅಂದರೆ ನನ್ನ ಅಮ್ಮ, ಕಾರ್ಖಾನೆಯಲ್ಲಿ ಶೂಗಳಿಗೆ ಅಟ್ಟೆ ಅಂಟಿಸುತ್ತಾಳೆ. ಹೋದ ವರ್ಷದಿಂದ ಮಧ್ಯಾಹ್ನವಾದರೆ ತಲೆನೋವು, ಮೆಟ್ಟಿಲು ಹತ್ತಿದರೆ ತಲೆಸುತ್ತು. ಅಂಟಿನ ವಾಸನೆಯಿಂದಲೋ ಏನೋ ಎಂದು ಸೂಪರ್‌ವೈಸರ್‌ಗೆ ಹೇಳಿದರೆ, ಮನೆಯ ಚಿಂತೆ ಇಲ್ಲಿಗೆ ತರಬೇಡಿ ಎಂದನಂತೆ.

“ಅವನ ಮೂಗಿಗೂ ಸಂಬಳ ಕೊಡ್ತಾರೆ ಕಣೇ, ಅದಕ್ಕೇ ಅದು ಏನನ್ನೂ ಮೂಸಲ್ಲ” ಎಂದಳು ದೊಡ್ಡಮ್ಮ.

ನಮ್ಮ ಕಾಲೇಜಿನಲ್ಲಿ ಭಾನುವಾರಗಳಂದು ಫಿಸಿಕ್ಸ್ ಮೇಷ್ಟ್ರು ಒಂದು ತರಗತಿ ನಡೆಸುತ್ತಿದ್ದರು. ಗಾಳಿ, ನೀರು, ಶಬ್ದ ಅಳೆಯುವ ಸಣ್ಣ ಸೆನ್ಸರ್‌ಗಳನ್ನು ಕೈಯಾರೆ ಮಾಡಿ ಇಂಟರ್ನೆಟ್‌ಗೆ ಜೋಡಿಸುವುದನ್ನು ಕಲಿಸುವುದು. ಯಾರು ಬೇಕಾದರೂ ಬರಬಹುದು. ಮಾತಿನ ನಡುವೆ ನಾನು ಇದನ್ನು ಹೇಳಿದ್ದೇ ತಡ, ಮರುವಾರ ದೊಡ್ಡಮ್ಮ ನನಗಿಂತ ಮೊದಲೇ ಬಂದು ಮುಂದಿನ ಬೆಂಚಿನಲ್ಲಿ ಕೂತಿದ್ದಳು.

ಬೆಸುಗೆ ಅವಳಿಗೆ ನೀರು ಕುಡಿದಷ್ಟು ಸುಲಭವಾಯಿತು. “ಹುಡುಗರೇ, ಇವರ ಕೈ ನೋಡಿ ಕಲೀರಿ” ಎಂದರು ಮೇಷ್ಟ್ರು. ಪ್ರೋಗ್ರಾಂ ಮಾತ್ರ ಒಂದೇ ಬೆರಳಿನಲ್ಲಿ ಒತ್ತಬೇಕಾದ ಬೆಟ್ಟವಾಯಿತು. “ಇದು ನಮ್ಮತ್ತೆ ಥರ. ಒಂದು ಚುಕ್ಕೆ ತಪ್ಪಿದ್ರೂ ಮಾತು ಬಿಡತ್ತೆ” ಎನ್ನುತ್ತಲೇ ಏಳು ಭಾನುವಾರ ಗುದ್ದಾಡಿದಳು. ಕೊನೆಗೆ ಸೆನ್ಸರ್ ನಡೆಸುವ ಬೋರ್ಡು ಅವಳ ಮಾತು ಕೇಳಿತು. ಅದರ ಕೆಲಸ ಇಷ್ಟೇ: ಗಾಳಿಯಲ್ಲಿ ಅಂಟಿನ ಆವಿ ಹೆಚ್ಚಿದಷ್ಟೂ ಅಂಕಿ ಏರಬೇಕು. ಅಮ್ಮನ ಫೋನಿನ ಮೂಲಕ ಆ ಅಂಕಿ ದೊಡ್ಡಮ್ಮನ ಫೋನಿಗೆ ಬರಬೇಕು.

ಇದಕ್ಕೆಲ್ಲ ಒಂದು ಪೆಟ್ಟಿಗೆ ಕಟ್ಟಬೇಕಾದ ಭಾನುವಾರ ಮೇಷ್ಟ್ರು ಜ್ವರದಿಂದ ಮಲಗಿದ್ದರು. ದೊಡ್ಡಮ್ಮ ಕಾಯಲಿಲ್ಲ. ಪ್ಲಾಸ್ಟಿಕ್ ಡಬ್ಬಿಯೊಳಗೆ ಬೋರ್ಡು, ಬ್ಯಾಟರಿ, ಸೆನ್ಸರ್ ಕೂರಿಸಿ, ಮುಚ್ಚಳದ ಸುತ್ತ ಕುಕ್ಕರಿನ ಗ್ಯಾಸ್ಕೆಟ್ ಕತ್ತರಿಸಿ ಹಾಕಿ, ನಾಲ್ಕು ಸ್ಕ್ರೂ ಬಿಗಿದಳು. ನೀರಿನಲ್ಲಿ ಮುಳುಗಿಸಿದರೆ ಒಂದು ಗುಳ್ಳೆಯೂ ಏಳಲಿಲ್ಲ. ಎಷ್ಟು ಚೆನ್ನಾಗಿ ಮುಚ್ಚಿದ್ದೀಯ ದೊಡ್ಡಮ್ಮ ಎಂದು ಹೊಗಳಿದವಳು ನಾನೇ.

ಮೂರು ವಾರ ಅಮ್ಮ ಅದನ್ನು ಊಟದ ಚೀಲದಲ್ಲಿಟ್ಟು ಒಯ್ದು, ಅಂಟಿನ ಮೇಜಿನ ಮೇಲೆ ಇಟ್ಟುಕೊಂಡಳು. ಫೋನಿನಲ್ಲಿ ಅಂಕಿ ತೋರಿಸುವ ಗೆರೆ ಏರದೆ ನೆಟ್ಟಗಿತ್ತು, ಹಸಿರಾಗಿತ್ತು. ಆ ದಿನಗಳಲ್ಲೇ ಪ್ಯಾಕಿಂಗ್ ವಿಭಾಗದಲ್ಲಿ ಒಂದು ಜಾಗ ತೆರವಾಯಿತು. ಅಲ್ಲಿ ಅಂಟಿಲ್ಲ, ದೊಡ್ಡ ಕಿಟಕಿಗಳಿವೆ. ಹೋಗುತ್ತೀರಾ ಎಂದು ಸೂಪರ್‌ವೈಸರ್ ಕೇಳಿದಾಗ ಅಮ್ಮ ಫೋನು ತೆಗೆದು ಆ ಗೆರೆಯನ್ನು ಅವನಿಗೆ ತೋರಿಸಿದಳು. “ಗಾಳೀಲಿ ಏನೂ ಇಲ್ಲ ಸಾರ್. ನನ್ನ ತಲೆಯೇ ಸರಿಯಿಲ್ಲ ಅನ್ಸತ್ತೆ. ಬಸುರಿ ಹುಡುಗಿ ಒಬ್ಬಳಿದಾಳಲ್ಲ, ಅವಳಿಗೆ ಕೊಡಿ.”

ನಾಲ್ಕನೆಯ ವಾರ ಬ್ಯಾಟರಿ ಬದಲಿಸಲು ದೊಡ್ಡಮ್ಮ ಪೆಟ್ಟಿಗೆ ಬಿಚ್ಚಿದಳು. ಅಮ್ಮ ಪಕ್ಕದ ಸ್ಟೂಲಿನ ಮೇಲೆ ಹಣೆ ಒತ್ತಿಕೊಳ್ಳುತ್ತ ಕೂತಿದ್ದಳು. ಅವಳ ಸೀರೆಯಿಂದ ಅಂಟಿನ ವಾಸನೆ ಬರುತ್ತಿತ್ತು. ದೊಡ್ಡಮ್ಮ ಪೆಟ್ಟಿಗೆಯನ್ನು ಮೂಗಿಗೆ ಹಿಡಿದಳು. ಆಮೇಲೆ ತಂಗಿಯ ಸೆರಗನ್ನು ಹಿಡಿದಳು. ಮತ್ತೆ ಪೆಟ್ಟಿಗೆ. ಅದರೊಳಗೆ ಅಂಟಿನ ವಾಸನೆಯೇ ಇರಲಿಲ್ಲ.

“ಇಷ್ಟು ದಿನ ಇದು ತನ್ನ ಹೊಟ್ಟೆಯೊಳಗಿನ ಗಾಳಿಯನ್ನೇ ಅಳೆದಿದೆ” ಎಂದಳು.

ಅಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. “ಹೋಗ್ಲಿ ಬಿಡಕ್ಕ. ನೀನೇನು ಬೇಕಂತ ಮಾಡಿದ್ಯಾ” ಎಂದಳು. ಆದರೆ ಅಕ್ಕನ ಮುಖ ನೋಡಲಿಲ್ಲ.

ದೊಡ್ಡಮ್ಮ ಡ್ರಿಲ್ ತೆಗೆದುಕೊಂಡಳು. ಇಪ್ಪತ್ತಾರು ವರ್ಷ ತೂತು ಮುಚ್ಚಿದ ಕೈ ಒಂದರ ಪಕ್ಕ ಒಂದು ಹನ್ನೆರಡು ತೂತು ಕೊರೆಯಿತು. ಮರುದಿನ ಹನ್ನೊಂದು ಗಂಟೆಗೆ ಫೋನಿನಲ್ಲಿ ಅಂಕಿ ಏರತೊಡಗಿತು. ಊಟದ ಹೊತ್ತಿಗೆ ಗೆರೆ ಕೆಂಪಾಗಿತ್ತು.

ಅಮ್ಮ ಕೆಂಪು ಗೆರೆಯನ್ನು ತೋರಿಸಿದಾಗ ಸೂಪರ್‌ವೈಸರ್ ನಕ್ಕನಂತೆ. “ಹೋದ ತಿಂಗಳು ಇದೇ ಡಬ್ಬಿ ಗಾಳಿ ಚೆನ್ನಾಗಿದೆ ಅಂದಿತ್ತು. ನಾನು ಯಾವುದನ್ನ ನಂಬ್ಲಿ?”

ಆವರೆಗೆ ದೊಡ್ಡಮ್ಮನ ಬಳಿ ರಿಪೇರಿಯಾದ ಯಾವ ಕುಕ್ಕರೂ ಮರಳಿ ಬಂದದ್ದಿಲ್ಲ. ತಪ್ಪಾಯಿತು ಎಂದು ಅವಳು ಯಾರಿಗೂ ಹೇಳಿದ್ದಿಲ್ಲ. ಮರುದಿನ ಅಂಗಡಿ ಮುಚ್ಚಿ ಕಾರ್ಖಾನೆಗೆ ಹೋದಳು. ಜೊತೆಗೆ ನಾನೂ ಹೋಗಿದ್ದೆ. ಸೂಪರ್‌ವೈಸರ್‌ನ ಮೇಜಿನ ಮೇಲೆ ಪೆಟ್ಟಿಗೆಯಿಟ್ಟು, ತೂತುಗಳಿಗೆ ಟೇಪು ಅಂಟಿಸಿ, ಪಕ್ಕದಲ್ಲಿ ಅಂಟು ಸವರಿದ ಬಟ್ಟೆಯಿಟ್ಟಳು. ಅಂಕಿ ಕದಲಲಿಲ್ಲ. ಟೇಪು ಕಿತ್ತಳು. ಅಂಕಿ ಏರಿತು.

“ಮೊದಲು ಮಾಡಿದ್ದು ನನ್ನ ತಪ್ಪು ಸಾರ್. ಕುಕ್ಕರ್ ರಿಪೇರಿ ಮಾಡೋಳು, ಎಲ್ಲಾನೂ ಮುಚ್ಚಿಬಿಟ್ಟೆ. ನನ್ನ ತಪ್ಪಿಗೆ ಅವಳು ಯಾಕೆ ಉಸಿರು ಕಟ್ಕೊಂಡು ಕೂರ್ಬೇಕು?”

ಅವನು ಸ್ವಲ್ಪ ಹೊತ್ತು ಅಂಕಿಯನ್ನೇ ನೋಡಿದ. ಈ ಸಲ ನಗಲಿಲ್ಲ. “ಇನ್ನೊಂದು ಜಾಗ ಖಾಲಿಯಾದ್ರೆ ಮೊದಲು ನಿಮ್ಮ ತಂಗಿಗೇ” ಎಂದ. ಯಾವಾಗ ಎಂದು ಹೇಳಲಿಲ್ಲ.

ಐದು ತಿಂಗಳಾಯಿತು. ಅಮ್ಮ ಇನ್ನೂ ಅಂಟಿನ ಮೇಜಿನಲ್ಲೇ ಇದ್ದಾಳೆ. ದಿನವೂ ಹನ್ನೊಂದಕ್ಕೆ ದೊಡ್ಡಮ್ಮ ಕೈಯಲ್ಲಿದ್ದ ಕುಕ್ಕರನ್ನು ಕೆಳಗಿಟ್ಟು ಫೋನು ತೆಗೆಯುತ್ತಾಳೆ. ಎದುರಿಗೆ ನಿಂತ ಗಿರಾಕಿ ಎಷ್ಟು ಕರೆದರೂ ತಲೆಯೆತ್ತುವುದಿಲ್ಲ. ಗೆರೆ ಏರುತ್ತ ಹೋಗುತ್ತದೆ. ಅದು ಇಳಿಯುವವರೆಗೂ ಅವಳು ಹಾಗೇ ಕೂತಿರುತ್ತಾಳೆ.